ಯಮನಿಗೂ ಪಾಸ್ ಬೇಕು

ವಿಧಾನಸೌಧದ ಮೂರನೇ ಮಹಡಿಯಲ್ಲಿ ಒಂದು ಬಾಗಿಲಿದೆ. ಮುಖ್ಯಮಂತ್ರಿಗಳ ಕೊಠಡಿಯದ್ದು. ಪಾಪ, ಅದು ಯಾರ ತಂಟೆಗೂ ಹೋದದ್ದಲ್ಲ. ದಕ್ಷಿಣಕ್ಕೆ ಮುಖ ಮಾಡಿ ನಿಂತಿದೆ, ಅದೊಂದೇ ತಪ್ಪು.

ದಕ್ಷಿಣ ಅಂದರೆ ಯಮನ ದಿಕ್ಕು. ವಾಸ್ತು ಸರಿಯಿಲ್ಲ. ಹಾಗಾಗಿ ಬಾಗಿಲು ಬಂದ್ ಆಗಿತ್ತು.

ಸಿದ್ದರಾಮಯ್ಯ ಮೊದಲ ಸಲ ಮುಖ್ಯಮಂತ್ರಿ ಆದಾಗ ಅದನ್ನು ತೆರೆಸಿದರು, ಪೂರ್ತಿ ಐದು ವರ್ಷ ಕುರ್ಚಿಯಲ್ಲಿ ಕೂತರು. ಅವರು ಇಳಿದರು, ಬಾಗಿಲು ಮತ್ತೆ ಮುಚ್ಚಿತು. 2023ರ ಜೂನ್‌ನಲ್ಲಿ ಅವರೇ ಮತ್ತೆ ಬಂದು, ಇದ್ಯಾಕೆ ಮುಚ್ಚಿದೆ ಅಂತ ಕೇಳಿದರು. ಅಧಿಕಾರಿಗಳು ವಾಸ್ತು ಅಂದರು. ಅಲ್ಲೇ ನಿಂತು ತೆರೆಸಿದರು. ಒಂದು ರಾಜ್ಯದಲ್ಲಿ ಬಾಗಿಲು ತೆರೆದದ್ದೇ ದೊಡ್ಡ ಸುದ್ದಿ ಆಯಿತು ನೋಡಿ.

ಈ ಮುಚ್ಚುವ ಕೆಲಸ ಕಡತದಲ್ಲಿ ಹೇಗೆ ಓಡಾಡಿರಬಹುದು ಅಂತ ನನಗೆ ಭಾರಿ ಕುತೂಹಲ. ಸುಮ್ನೆ ಕಲ್ಪಿಸಿಕೊಳ್ಳಿ. ಲೋಕೋಪಯೋಗಿ ಇಲಾಖೆಯ ಇಂಜಿನಿಯರ್ ಎಸ್ಟಿಮೇಟ್ ಬರೆಯಲು ಕೂತಿದ್ದಾರೆ. ದರಪಟ್ಟಿಯನ್ನು ಎರಡು ಸಲ ತಿರುವಿ ಹಾಕಿದರೂ 'ಯಮ ತಡೆ' ಅನ್ನುವ ಐಟಂ ಸಿಗುತ್ತಿಲ್ಲ. ಕೊನೆಗೆ 'ಸಣ್ಣಪುಟ್ಟ ದುರಸ್ತಿ' ಅಂತ ಬರೆದು ಕೆಳಗೆ ಸಹಿ ಹಾಕುತ್ತಾರೆ. ಬಡಗಿ ಬಂದು ಒಂದು ಬೀರು ಎಳೆದು ಅಡ್ಡ ಇಡುತ್ತಾನೆ. 'ಒಳಗಿನವರು ಹೊರಗೆ ಹೋಗದ ಹಾಗಾ ಸಾರ್, ಹೊರಗಿನವರು ಒಳಗೆ ಬರದ ಹಾಗಾ?' ಅಂತ ಕೇಳುತ್ತಾನೆ. ಇಂಜಿನಿಯರ್ ಉತ್ತರ ಕೊಡುವುದಿಲ್ಲ.

ಆಯ್ತು, ಮುಚ್ಚಿದ್ದಕ್ಕೆ ಫಲವಾದರೂ ಸಿಕ್ಕಿತಾ? 2018ರ ಚುನಾವಣೆ ಮುಗಿದು 2023ರ ಚುನಾವಣೆ ಬರುವಷ್ಟರಲ್ಲಿ ರಾಜ್ಯ ನಾಲ್ಕು ಸಲ ಮುಖ್ಯಮಂತ್ರಿಗಳ ಪ್ರಮಾಣವಚನ ನೋಡಿತು. ಯಡಿಯೂರಪ್ಪ, ಕುಮಾರಸ್ವಾಮಿ, ಮತ್ತೆ ಯಡಿಯೂರಪ್ಪ, ಆಮೇಲೆ ಬೊಮ್ಮಾಯಿ. 2019ರಲ್ಲಿ ಕುಮಾರಸ್ವಾಮಿಯವರ ಕುರ್ಚಿ ಅಲ್ಲಾಡಿಸಿದ ಶಾಸಕರು ಕೂತಿದ್ದು ಮುಂಬೈ ಹೋಟೆಲಿನಲ್ಲಿ. ಬೆಂಗಳೂರಿನಿಂದ ಅದು ವಾಯವ್ಯ ದಿಕ್ಕು. ಆ ಕಡೆಗೆ ಯಾರೂ ಬೀರು ಅಡ್ಡ ಇಟ್ಟಿರಲಿಲ್ಲ.

ಈ ಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರೂ ಅಷ್ಟೇ. ನೆಹರೂ 1951ರಲ್ಲಿ ಅಡಿಗಲ್ಲು ಇಟ್ಟಿದ್ದರು. ಕಟ್ಟಡ ಮುಗಿದ 1956ರಲ್ಲೇ ಕೆಂಗಲ್ ಅಧಿಕಾರ ಕಳೆದುಕೊಂಡರು. ಕೆಳಗಿಳಿಸಿದ್ದು ಅವರದೇ ಪಕ್ಷದವರು. ಸ್ವಂತ ಪಕ್ಷ ಯಾವ ದಿಕ್ಕಿನಲ್ಲಿರುತ್ತೆ ಅಂತ ವಾಸ್ತುವಿನವರು ಇವತ್ತಿಗೂ ಹೇಳಿಲ್ಲ.

ಚಾಮರಾಜನಗರದ ಕಥೆಯೂ ಇದೇ. ಅಲ್ಲಿಗೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಬಿಡಬೇಕಾಗುತ್ತೆ ಅನ್ನುವ ಮಾತು. ಅದೂ ದಕ್ಷಿಣವೇ, ಅಲ್ವಾ? ಬಾಗಿಲಾದರೆ ಮುಚ್ಚಬಹುದು. ಜಿಲ್ಲೆಗೆ ಬೀರು ಅಡ್ಡ ಇಡೋಕಾಗಲ್ಲ, ಹಾಗಾಗಿ ಹಲವು ಮುಖ್ಯಮಂತ್ರಿಗಳು ಹೋಗುವುದನ್ನೇ ಬಿಟ್ಟರು.

ಎದುರಿಗಿರುವ ಕೆಂಪು ಅಠಾರ ಕಚೇರಿಯೇ ಪುಣ್ಯವಂತ. 1868ರ ಕಟ್ಟಡ, ಈಗ ಹೈಕೋರ್ಟು. 1980ರ ದಶಕದಲ್ಲಿ ಅದನ್ನು ಕೆಡವಲು ಸರ್ಕಾರ ಹೊರಟಾಗ ಜನ ಕೋರ್ಟಿಗೆ ಹೋದರು. ವಿಚಾರಣೆ ನಡೆದದ್ದು ಅದೇ ಕಟ್ಟಡದೊಳಗೆ. ತನ್ನ ಮರಣದಂಡನೆಯ ಕೇಸನ್ನು ತಾನೇ ನಿಂತು ಕೇಳಿ, ಕೊನೆಗೂ ಉಳಿಯಿತು. ನಮ್ಮ ಬಾಗಿಲಿನ ಕೇಸು ಎಲ್ಲೂ ವಿಚಾರಣೆಗೇ ಬರಲಿಲ್ಲ. ನೇರ ಶಿಕ್ಷೆ.

ನನಗೊಂದು ಅರ್ಥವಾಗುವುದಿಲ್ಲ. ಯಮ ನಿಜವಾಗಿಯೂ ಬಂದನೆಂದೇ ಇಟ್ಟುಕೊಳ್ಳಿ. ಮೂರನೇ ಮಹಡಿ ತಲುಪುವುದೇನು ಸುಲಭವಾ? ಸಾಮಾನ್ಯ ಜನ ಅರ್ಜಿ ಹಿಡಿದು ಗೇಟಿನ ಹತ್ತಿರ ಗಂಟೆಗಟ್ಟಲೆ ನಿಲ್ಲುವುದಿಲ್ಲವೇ? ಪೊಲೀಸಪ್ಪ ಅವನನ್ನೂ ನಿಲ್ಲಿಸುತ್ತಾನೆ. ಯಾರನ್ನು ನೋಡಬೇಕು? ಏನು ಕೆಲಸ? ಗುರುತಿನ ಚೀಟಿ ಎಲ್ಲಿ? ಕೋಣ ಇಲ್ಲಿ ನಿಲ್ಲಿಸಬೇಡಿ, ಗಾಡಿ ಬರುತ್ತೆ. ಯಮ 'ಸರ್ಕಾರದ ಕೆಲಸ ದೇವರ ಕೆಲಸ' ಅನ್ನುವ ಬರಹವನ್ನು ತೋರಿಸಿ, ನಾನೂ ಇಲಾಖೆಯವನೇ ಅಂತಾನೆ. ನಡೆಯುವುದಿಲ್ಲ.

ಕೊನೆಗೆ ಪೊಲೀಸಪ್ಪನಿಗೇ ಅಯ್ಯೋ ಅನಿಸುತ್ತೆ. 'ಯಜಮಾನ್ರೇ, ಈಗ ವಿಧಾನಸೌಧ ತೋರಿಸೋಕೆ ಟೂರ್ ಶುರುವಾಗಿದೆ. 50 ರೂಪಾಯಿ ಟಿಕೆಟ್. ಭಾನುವಾರ ಬನ್ನಿ, ಆರಾಮಾಗಿ ನೋಡ್ಕೊಂಡು ಹೋಗಬಹುದು.'

'ಭಾನುವಾರ ಸಾಹೇಬರು ಇರ್ತಾರಾ?'

'ಇಲ್ಲ.'