ಸಾಯುವ ದಿನ ಸಾಕ್ರೆಟಿಸ್ ಎದುರು ವಾದ ಮಾಡಿದ ಇಬ್ಬರು ಹುಡುಗರು

ಸಾಕ್ರೆಟಿಸ್ ಬಗ್ಗೆ ಇಲ್ಲಿ ಓಡಾಡುವ ಪೋಸ್ಟುಗಳಲ್ಲಿ ಯಾವಾಗಲೂ ಒಂದೇ ಚಿತ್ರ. ವಿಷದ ಬಟ್ಟಲು, ಅಳುವ ಗೆಳೆಯರು, ಅಳುಕದೆ ಕುಡಿಯುವ ಮುದುಕ. ಕೆಳಗೊಂದು ಸಾಲು: ಆತ್ಮಕ್ಕೆ ಸಾವಿಲ್ಲ ಅಂತ ಗ್ರೀಕರೂ ಸಾಬೀತು ಮಾಡಿದ್ದರು. ಇದನ್ನು ನೋಡಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಅವನ ಶಿಷ್ಯ ಪ್ಲೇಟೊ ಆ ದಿನದ ಬಗ್ಗೆ ಬರೆದ 'ಫೀಡೊ' ಸಂವಾದದಲ್ಲಿ ಬಟ್ಟಲು ಬರುವುದು ಕೊನೆಯ ಕೆಲವು ಪುಟಗಳಲ್ಲಿ. ಅಲ್ಲಿವರೆಗೆ ಹೆಚ್ಚಿನದೆಲ್ಲ ವಾದವೇ, ಆ ವಾದವನ್ನು ಯಾರೂ ಓದುವುದಿಲ್ಲ.

ಕ್ರಿ.ಪೂ. 399, ಅಥೆನ್ಸ್‌ನ ಸೆರೆಮನೆ. ಊರಿನ ಪವಿತ್ರ ಹಡಗು ಡೀಲಾಸ್ ದ್ವೀಪಕ್ಕೆ ಹೋಗಿತ್ತು, ಅದು ವಾಪಸ್ ಬರುವವರೆಗೆ ಯಾರಿಗೂ ಮರಣದಂಡನೆ ಕೊಡುವಂತಿಲ್ಲ ಅನ್ನುವುದು ಅಲ್ಲಿನ ಕಟ್ಟಳೆ, ಹಾಗಾಗಿ ತೀರ್ಪು ಬಂದ ಮೇಲೂ ಸಾಕ್ರೆಟಿಸ್ ಬದುಕಿದ್ದ. ಹಡಗು ಬಂತು. 70 ವರ್ಷದ ಅವನಿಗೆ ಅದೇ ಕೊನೆಯ ದಿನ. ಆದರೆ ಪ್ಲೇಟೊ ಅಲ್ಲಿರಲಿಲ್ಲ, ಹುಷಾರಿರಲಿಲ್ಲ ಅನಿಸುತ್ತೆ ಅಂತ ಸಂವಾದದಲ್ಲೇ ಒಂದು ಮಾತು ಬರುತ್ತದೆ. ಅದಕ್ಕೇ ಇದನ್ನು ಕಂಡದ್ದು ಕಂಡ ಹಾಗೆ ಬರೆದ ವರದಿ ಅಂತ ಓದಬಾರದು. ಪ್ಲೇಟೊನೇ ಬರೆದ ವಿಚಾರಣೆಯ ಭಾಷಣದಲ್ಲಿ ಸಾಕ್ರೆಟಿಸ್, ಸಾವು ಅಂದರೆ ಕನಸಿಲ್ಲದ ನಿದ್ದೆ ಇರಬಹುದು, ಇಲ್ಲ ಬೇರೆ ಕಡೆಗೆ ಪ್ರಯಾಣ ಇರಬಹುದು ಅಂತ ಎರಡನ್ನೂ ತೆರೆದಿಟ್ಟಿದ್ದ.

'ಫೀಡೊ'ದಲ್ಲಿ ಮಾತ್ರ ಅವನು ಆತ್ಮಕ್ಕೆ ಸಾವಿಲ್ಲ ಅಂತಲೇ ವಾದಿಸುತ್ತಾನೆ. ಅಲ್ಲಿ ಬದಲಾಗದ ಸತ್ಯದ ಮಾತಿಗೆ ಅವನು ಬಳಸುವುದು ಬರೀ ಕಡ್ಡಿ, ಕಲ್ಲು. ಎರಡು ಕಡ್ಡಿ ಸಮ ಇವೆ ಅಂತೀವಿ. ಒಬ್ಬನ ಕಣ್ಣಿಗೆ ಸಮ, ಇನ್ನೊಬ್ಬನಿಗೆ ಅಲ್ಲ. ಆದರೆ 'ಸಮ' ಅನ್ನುವುದೇ ಎಂದಾದರೂ ಅಸಮ ಆಗುತ್ತದಾ? ಕಂಡ ಯಾವ ಕಡ್ಡಿಯೂ ಪೂರ್ತಿ ಸಮ ಅಲ್ಲದಿದ್ದರೆ, ಇದು ಸ್ವಲ್ಪ ಕಡಿಮೆ ಬಿತ್ತು ಅನ್ನಲು ನಮಗೆ ಆ ಅಳತೆ ಎಲ್ಲಿಂದ ಬಂತು? ಹುಟ್ಟುವ ಮೊದಲೇ ಆತ್ಮ ಅದನ್ನು ಅರಿತಿತ್ತು, ಈಗ ನೆನಪಾಗುತ್ತಿದೆ ಅನ್ನುತ್ತಾನೆ. ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಪ್ರಶ್ನೆ ಮಾತ್ರ ಗಟ್ಟಿ. ಅಗಲವೇ ಇಲ್ಲದ ಗೆರೆಯನ್ನು ಯಾರೂ ಕಣ್ಣಾರೆ ನೋಡಿಲ್ಲ, ಆದರೂ ಹೈಸ್ಕೂಲು ಮಕ್ಕಳು ಅದರ ಬಗ್ಗೆ ತಪ್ಪಿಲ್ಲದೆ ಪ್ರಮೇಯ ಸಾಧಿಸುತ್ತಾರೆ, ಅಲ್ವಾ?

ಆ ಕೋಣೆಯಲ್ಲಿ ಗ್ರೀಸಿನದೇ ಇನ್ನೊಂದು ಊರಾದ ಥೀಬ್ಸ್‌ನಿಂದ ಬಂದ ಸಿಮ್ಮಿಯಸ್, ಸೆಬಿಸ್ ಅನ್ನುವ ಇಬ್ಬರು ಹುಡುಗರಿದ್ದರು. ಅವರು ಬಿಡಲಿಲ್ಲ. ಹುಟ್ಟುವ ಮೊದಲು ಆತ್ಮ ಇತ್ತು ಅಂತಾಯಿತು, ಸತ್ತ ಮೇಲೂ ಇರುತ್ತದೆ ಅಂತ ಎಲ್ಲಿ ತೋರಿಸಿದೆ? ಆಮೇಲೆ ಸಿಮ್ಮಿಯಸ್ ಕೇಳಿದ: ತಂತಿವಾದ್ಯದ ನಾದವೂ ಕಣ್ಣಿಗೆ ಕಾಣದು, ಸೊಗಸಾದದ್ದು. ವಾದ್ಯ ಮುರಿದರೆ ನಾದ ಉಳಿಯುತ್ತದಾ? ಆತ್ಮವೂ ದೇಹದ ನಾದವೇ ಆಗಿದ್ದರೆ?

ಸೆಬಿಸ್ ಮಾತು ಇನ್ನೂ ಚೂಪು. ಒಬ್ಬ ನೇಕಾರ ಜೀವನದಲ್ಲಿ ಎಷ್ಟೋ ಬಟ್ಟೆ ನೇಯ್ದು, ತೊಟ್ಟು, ಹರಿದು ಬಿಸಾಕುತ್ತಾನೆ. ಆದರೆ ಅವನು ತೊಟ್ಟ ಕೊನೆಯ ಬಟ್ಟೆ ಅವನಿಗಿಂತ ಜಾಸ್ತಿ ಬಾಳುತ್ತದೆ. ಹಾಗೇ ಆತ್ಮ ಹತ್ತಾರು ದೇಹ ಸವೆಸಿ, ಕೊನೆಗೊಂದು ದೇಹದಲ್ಲಿ ತಾನೇ ಮುಗಿದುಹೋಗಬಹುದಲ್ಲ? ಗೀತೆಯಲ್ಲಿ ಹಳೇ ಬಟ್ಟೆ ಬಿಟ್ಟು ಹೊಸದು ತೊಡುವ ಶ್ಲೋಕ ಕೇಳಿ ಬೆಳೆದ ನಮಗೆ ಇದು ತಟ್ಟಲೇಬೇಕು. ಅಲ್ಲಿ ಧೈರ್ಯ ಕೊಡುವ ಹೋಲಿಕೆಯೇ ಇಲ್ಲಿ ಆಕ್ಷೇಪವಾಗಿ ನಿಂತಿದೆ. ಗ್ರೀಕರೂ ನಮ್ಮವರೂ ಒಂದನ್ನೇ ಹೇಳಿದ್ದಾರೆ ಅಂತ ಸುಮ್ನೆ ಜೋಡಿಸುವವರು ಈ ಪುಟದ ಮುಂದೆ ಸ್ವಲ್ಪ ನಿಲ್ಲಬೇಕು.

ಕೋಣೆಯಲ್ಲಿದ್ದವರ ಮುಖ ಬಾಡಿತು. ಸಂಜೆ ಸಾಯುವವನ ಹತ್ತಿರ ಹೀಗೆಲ್ಲ ಕೇಳುವುದಾ! ಆದರೆ ಸಾಕ್ರೆಟಿಸ್ ಆ ಹುಡುಗರ ಮಾತನ್ನು ಎಷ್ಟು ಪ್ರೀತಿಯಿಂದ, ಮೆಚ್ಚಿಕೊಂಡು ಕೇಳಿದ ಅಂತ, ಆ ದಿನ ಅಲ್ಲೇ ಇದ್ದು ಸಂವಾದದಲ್ಲಿ ಇದನ್ನೆಲ್ಲ ಹೇಳುವ ಗೆಳೆಯ ಫೀಡೊ ನೆನೆಯುತ್ತಾನೆ. ಆಮೇಲೆ ಬರುವ ಮಾತು ನನಗೆ ಇಡೀ ಸಂವಾದದಲ್ಲೇ ಹೆಚ್ಚು ಪ್ರಿಯ. ಯಾರನ್ನೋ ಕುರುಡಾಗಿ ನಂಬಿ ಮತ್ತೆ ಮತ್ತೆ ಮೋಸಹೋದವನು ಕೊನೆಗೆ ಮನುಷ್ಯರನ್ನೇ ದ್ವೇಷಿಸುತ್ತಾನೆ, ಹಾಗೇ ನಂಬಿದ ವಾದಗಳು ಒಂದೊಂದಾಗಿ ಬಿದ್ದಾಗ ವಾದವನ್ನೇ ದ್ವೇಷಿಸಬೇಡಿ, ಅದಕ್ಕಿಂತ ದೊಡ್ಡ ಕೇಡಿಲ್ಲ ಅನ್ನುತ್ತಾನೆ. ಸಾಕ್ರೆಟಿಸ್ ಬಗ್ಗೆ ಕಡಿಮೆ ಯೋಚಿಸಿ, ಸತ್ಯದ ಬಗ್ಗೆ ಜಾಸ್ತಿ ಯೋಚಿಸಿ, ನಾನು ಹೇಳಿದ್ದು ಸರಿ ಅನಿಸದಿದ್ದರೆ ಶಕ್ತಿಯಿದ್ದಷ್ಟೂ ವಿರೋಧಿಸಿ ಅಂತಾನೆ. ಇವತ್ತು ಒಂದು ಕಾಮೆಂಟಿಗೆ ಸಿಟ್ಟಾಗಿ ಬ್ಲಾಕ್ ಮಾಡುವ ನಮಗೆ ಇದು ಎಷ್ಟು ದೂರ!

ಕೊನೆಯ ವಾದ ಹೀಗಿದೆ. ಮೂರು ಎಂದೂ ಸಮಸಂಖ್ಯೆ ಆಗದು. ಹಾಗೇ ಆತ್ಮ ಎಲ್ಲಿಗೆ ಬಂದರೂ ಜೀವ ತರುತ್ತದೆ, ಆದ್ದರಿಂದ ಸಾವನ್ನು ಒಳಗೆ ಬಿಟ್ಟುಕೊಳ್ಳದು. ಸರಿ. ಆದರೆ ಹಿಮವೂ ಬಿಸಿಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಬಿಸಿ ಬಂದರೆ ಜಾಗ ಬಿಡಬೇಕು, ಇಲ್ಲ ನಾಶವಾಗಬೇಕು. ಈ ಉದಾಹರಣೆ ಕೊಟ್ಟವನೂ ಸಾಕ್ರೆಟಿಸ್‌ನೇ. ಹಾಗಾದರೆ ಆತ್ಮ ಜಾಗ ಬಿಟ್ಟು ಹೋಗುತ್ತದೆ, ನಾಶವಾಗುವುದಿಲ್ಲ ಅಂತ ಹೇಗೆ ಗೊತ್ತು? ಸಾವಿಲ್ಲದ್ದು ನಾಶವೂ ಆಗದು ಅಂತ ಸಾಕ್ರೆಟಿಸ್, ಸೆಬಿಸ್ ಇಬ್ಬರೂ ಬೇಗ ಒಪ್ಪಿಬಿಡುತ್ತಾರೆ. ನನ್ನ ಪ್ರಕಾರ ಸಾಬೀತು ನಿಂತುಹೋಗುವುದು ಅಲ್ಲೇ. ಸಿಮ್ಮಿಯಸ್ ಮಾತ್ರ, ನನಗೆ ಇನ್ನೂ ಸ್ವಲ್ಪ ಅನುಮಾನ ಉಳಿದಿದೆ ಅನ್ನುತ್ತಾನೆ. ಸರಿಯಾಗಿ ಹೇಳಿದೆ, ನಾವು ಮೊದಲಿಗೆ ಒಪ್ಪಿಕೊಂಡದ್ದನ್ನೂ ಇನ್ನಷ್ಟು ಪರೀಕ್ಷಿಸಬೇಕು ಅನ್ನುವುದು ಸಾಕ್ರೆಟಿಸ್ ಉತ್ತರ.

ಓದಿದವರಿದ್ದರೆ ಹೇಳಿ, ಆ ಹಿಮದ ಜಾಗದಲ್ಲಿ ವಾದ ನಿಲ್ಲುತ್ತದೆ ಅನಿಸುತ್ತದಾ, ಬೀಳುತ್ತದೆ ಅನಿಸುತ್ತದಾ? ನಿಲ್ಲುತ್ತದೆ ಅನ್ನುವವರ ಕಾರಣ ನನಗೆ ನಿಜವಾಗಲೂ ಬೇಕು.