ನಾಲ್ಕು ಸಾವಿರ ಮಿಲಿಮೀಟರಿನಲ್ಲಿ ಬರ ತರುವುದು ಹೇಗೆ?

ಬರದ ಜಿಲ್ಲೆಗಳ ರೈತರಿಗೆ ನೀರಿನ ಪಾಠ ಹೇಳಿಸಲು ನಮ್ಮವರು ಅವರನ್ನು ಎಲ್ಲೆಲ್ಲಿಗೋ ಕರೆದೊಯ್ಯುತ್ತಾರೆ. ಇಸ್ರೇಲಿಗೆ, ಮಹಾರಾಷ್ಟ್ರದ ಹಿವರೆ ಬಜಾರಿಗೆ. ಹೋದವರು ಹನಿ ನೀರಾವರಿಯ ಪೈಪನ್ನು ಮುಟ್ಟಿ ನೋಡಿ, ಬದುವಿನ ಮೇಲೆ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡು ವಾಪಸಾಗುತ್ತಾರೆ. ಇದೆಲ್ಲ ದಂಡದ ಖರ್ಚು. ಕಡಿಮೆ ಮಳೆಯಲ್ಲಿ ಬದುಕುವುದು ಅವರಿಗೆ ಅಜ್ಜನ ಕಾಲದಿಂದಲೂ ಗೊತ್ತು. ಅವರಿಗೆ ಗೊತ್ತಿಲ್ಲದ ವಿದ್ಯೆ ಒಂದೇ, ಅದನ್ನು ಕಲಿಸಬಲ್ಲವರು ರಾಜ್ಯದಲ್ಲಿ ನಾವು ಕರಾವಳಿಯವರು ಮಾತ್ರ: ವರ್ಷಕ್ಕೆ 3,500ರಿಂದ 4,000 ಮಿಲಿಮೀಟರ್ ಮಳೆ ಸುರಿದ ಊರಿಗೆ ಏಪ್ರಿಲ್ ಹೊತ್ತಿಗೆ ಟ್ಯಾಂಕರ್ ಬರುವಂತೆ ಮಾಡುವುದು.

ಆದ್ದರಿಂದ ಸರಕಾರದ ಮುಂದೆ ನನ್ನದೊಂದು ಪ್ರಸ್ತಾವ ಇದೆ. ತುಮಕೂರು ಜಿಲ್ಲೆಯ ಮಳೆಯಾಶ್ರಿತ ರೈತರನ್ನು ಒಂದು ಬಸ್ಸಿನಲ್ಲಿ ಕೂರಿಸಿ ಮಂಗಳೂರು–ಉಡುಪಿ ಅಧ್ಯಯನ ಪ್ರವಾಸಕ್ಕೆ ಕಳಿಸಬೇಕು. ಊಟಕ್ಕೆ ಕುಚ್ಚಲಕ್ಕಿ ಅನ್ನ, ಮೀನು ತಿನ್ನದವರಿಗೆ ಬಸಳೆ ಸಾಂಬಾರು.

ಕಲಿಸುವ ಅರ್ಹತೆ ನಿಮಗೆಂತ ಉಂಟು ಎಂದು ಕೇಳುವವರಿಗೆ ದಾಖಲೆ ಸಿದ್ಧವಿದೆ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಆ ಪಟ್ಟಿಯಲ್ಲಿ ಸಮುದ್ರಕ್ಕೆ ಕಾಲು ಚಾಚಿ ಕುಳಿತ ಮಂಗಳೂರು ತಾಲೂಕೂ ಇತ್ತು. ಲೆಕ್ಕ ನೋಡಿ: ನಮ್ಮಲ್ಲಿ ವಾಡಿಕೆಗಿಂತ ಶೇ. 20 ಮಳೆ ಕಡಿಮೆಯಾಯಿತು ಎಂದರೆ ಖೋತಾ ಆದದ್ದು 700–800 ಮಿಲಿಮೀಟರ್. ತುಮಕೂರು ಜಿಲ್ಲೆಯಲ್ಲಿ ಸಾಧಾರಣ ವರ್ಷದಲ್ಲಿ ಒಟ್ಟು ಮಳೆಯೇ ಅಷ್ಟಿಲ್ಲ. ನಮಗೆ ಬೀಳದೆ ಹೋದದ್ದು ಅವರಿಗೆ ಬಿದ್ದಿದ್ದರೆ ಕೆರೆಗಳು ಕೋಡಿ ಹರಿದು, ಶಾಸಕರು ಬಾಗಿನ ಬಿಟ್ಟು, ಆ ಫೋಟೊ ಮರುದಿನದ ಪತ್ರಿಕೆಯಲ್ಲಿ ಬಂದಿರುತ್ತಿತ್ತು. ಇನ್ನೊಂದು ಸರ್ಟಿಫಿಕೇಟು: 2018ರ ಮೇ 29ರಂದು ಒಂದೇ ದಿನದ ಮಳೆಗೆ ಮಂಗಳೂರಿನ ರಸ್ತೆಗಳಲ್ಲಿ ಕಾರುಗಳು ತೇಲಿದವು. ಮರುವರ್ಷ ಮೇ ತಿಂಗಳಲ್ಲಿ ಅದೇ ನಗರದ ನಲ್ಲಿಗೆ ರೇಷನಿಂಗ್. ಮುಳುಗಿದವರು ವರ್ಷದೊಳಗೆ ಬಾಯಾರಿಕೆಯಿಂದ ಒದ್ದಾಡುವುದು ಸುಮ್ಮನೆ ಸಾಧ್ಯವಾಗುವ ಕೆಲಸವಲ್ಲ, ಅದಕ್ಕೆ ವ್ಯವಸ್ಥೆ ಬೇಕು.

ಆ ವ್ಯವಸ್ಥೆಯನ್ನು ತೋರಿಸಲು ಮೊದಲ ದಿನವೇ ಕಿಂಡಿ ಅಣೆಕಟ್ಟಿಗೆ ಕರೆದೊಯ್ಯಬೇಕು. ಘಟ್ಟದ ಮೇಲಿನವರಿಗೆ ಇದರ ಪರಿಚಯ ಕಡಿಮೆ. ಹೊಳೆಗೆ ಅಡ್ಡಲಾಗಿ ಕಾಂಕ್ರೀಟಿನ ಕಂಬಗಳು, ನಡುವೆ ಕಿಂಡಿಗಳು, ಕಂಬಗಳಲ್ಲಿ ಹಲಗೆ ಕೂರಿಸಲು ಸಂದು. ಮಳೆ ನಿಂತು ಹರಿವು ಇಳಿಯುವಾಗ, ನವೆಂಬರ್–ಡಿಸೆಂಬರಿನಲ್ಲಿ, ಹಲಗೆ ಹಾಕಬೇಕು. ಮುಂದಿನ ಮಳೆಗೆ ಮೊದಲು ತೆಗೆಯಬೇಕು. ನಿಂತ ನೀರು ಹೊಳೆಯ ಎರಡೂ ದಂಡೆಯ ಬಾವಿಗಳನ್ನು ಏರಿಸುತ್ತದೆ, ಕಡಲಿಗೆ ಹತ್ತಿರವಿದ್ದರೆ ಉಪ್ಪುನೀರು ಮೇಲೆ ಬಾರದಂತೆ ತಡೆಯುತ್ತದೆ. ಇಷ್ಟೇ ತಂತ್ರಜ್ಞಾನ. ಹಾಕುವುದು, ತೆಗೆಯುವುದು.

ಬಸ್ಸಿನಿಂದ ಇಳಿದ ಯಜಮಾನರೊಬ್ಬರು ಬಗ್ಗಿ ನೋಡುತ್ತಾರೆ.

"ನೀರೆಲ್ಲಿ ಸ್ವಾಮಿ?"

"ಹೋಯಿತು."

"ಎಲ್ಲಿಗೆ?"

"ಉಳ್ಳಾಲಕ್ಕೆ. ಅಲ್ಲಿಂದ ಮುಂದೆ ಅರಬ್ಬಿ ಸಮುದ್ರ."

"ಹಲಗೆ ಹಾಕಿಲ್ವಾ?"

"ಹಾಕ್ತೇವೆ ಮಾರಾಯ್ರೆ, ಟೆಂಡರ್ ಆಗಬೇಕಲ್ಲ."

ಇಲ್ಲಿ ನಮ್ಮ ಇಂಜಿನಿಯರ್ ಸಾಹೇಬರು ವಿವರವಾಗಿ ಉಪನ್ಯಾಸ ಕೊಡಬೇಕು, ಇದು ಪ್ರವಾಸದ ಜೀವಾಳ. ಡಿಸೆಂಬರಿನಲ್ಲಿ ಅಂದಾಜುಪಟ್ಟಿ. ಜನವರಿಯಲ್ಲಿ ಟೆಂಡರ್, ಯಾರೂ ಬರುವುದಿಲ್ಲ. ಮರು ಟೆಂಡರ್. ಅಷ್ಟರಲ್ಲಿ ಗೋದಾಮಿನ ಹಲಗೆ ಎಣಿಸಿದರೆ ಕೆಲವು ಗೆದ್ದಲಿಗೆ, ಕೆಲವು ಯಾರದೋ ಹಟ್ಟಿಯ ತೋಡು ದಾಟಲು. ಹೊಸ ಫೈಬರ್ ಹಲಗೆಗೆ ಪ್ರತ್ಯೇಕ ಫೈಲು, ಆ ಫೈಲಿಗೆ ಪ್ರತ್ಯೇಕ ಆಕ್ಷೇಪಣೆ. ಕೊನೆಗೆ ಫೆಬ್ರವರಿ ಮುಗಿಯುವಾಗ ಹಲಗೆ ಅಚ್ಚುಕಟ್ಟಾಗಿ ಕೂರುತ್ತದೆ. ಎರಡು ಸಾಲು ಹಲಗೆ, ನಡುವೆ ಗಟ್ಟಿ ಮಣ್ಣು, ಒಂದು ಹನಿ ಸೋರುವುದಿಲ್ಲ. ಸೋರಲು ಹೊಳೆಯಲ್ಲಿ ಹನಿ ಇರುವುದೂ ಇಲ್ಲ. ಬಿಲ್ಲು ಪಾಸಾಗುತ್ತದೆ.

ತೆಗೆಯುವುದು ಇನ್ನೊಂದು ಕಾಮಗಾರಿ. ಅದಕ್ಕೆ ಜೂನ್ ಮೊದಲ ವಾರವೆಂದು ಕ್ಯಾಲೆಂಡರ್ ನೋಡಿ ಬರೆದಿಟ್ಟಿರುತ್ತಾರೆ. ಮುಂಗಾರಿಗೆ ಮಾತ್ರ ಓದು ಬರುವುದಿಲ್ಲ. ಅದು 2023ರಲ್ಲಿ ಕೇರಳ ಮುಟ್ಟಿದ್ದು ಜೂನ್ 8ಕ್ಕೆ, 2025ರಲ್ಲಿ ಮೇ 24ಕ್ಕೇ. ತಡವಾದ ವರ್ಷ ಹಲಗೆಯ ಹಿಂದೆ ನೀರಿಲ್ಲ, ಬೇಗ ಬಂದ ವರ್ಷ ಹಲಗೆ ತೆಗೆಯುವ ಆಳಿಲ್ಲ. ಕೆಂಪು ನೀರು ಬಿದಿರು, ತೆಂಗಿನ ಮಡಲು, ಪ್ಲಾಸ್ಟಿಕ್ ಎಲ್ಲವನ್ನೂ ತಂದು ಕಿಂಡಿಗೆ ಒಡ್ಡಿ, ದಾರಿ ಕಾಣದೆ ಪಕ್ಕದ ಅಡಿಕೆ ತೋಟವನ್ನು ಕೊಚ್ಚಿಕೊಂಡು ಹೋಗುತ್ತದೆ. ಆಗ ನಷ್ಟದ ಸಮೀಕ್ಷೆ. ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವುದು ಎಂದು ದೊಡ್ಡ ದೊಡ್ಡ ಸಭೆಗಳಲ್ಲಿ ಹೇಳುತ್ತಾರಲ್ಲ, ನಾವು ಅದನ್ನು ತಲೆಕೆಳಗು ಮಾಡಿದ್ದೇವೆ. ಹವಾಮಾನವೇ ನಮ್ಮ ಫೈಲಿಗೆ ಹೊಂದಿಕೊಳ್ಳಬೇಕು.

(ಎಲ್ಲ ಕಡೆಯೂ ಹೀಗೇ ಎಂದು ಹೇಳಿದರೆ ನನಗೆ ಪಾಪ ಬಂದೀತು. ಊರವರೇ ಸೇರಿ ಹೊತ್ತಿಗೆ ಸರಿಯಾಗಿ ಹಲಗೆ ಇಳಿಸುವ ಜಾಗಗಳು ಉಂಟು. ಇನ್ನು ಕೆಲವು ತೋಡುಗಳಲ್ಲಿ ಈಗಲೂ ಹಳೆಯ ಕ್ರಮದ ಕಟ್ಟ ಕಟ್ಟುತ್ತಾರೆ, ಕಲ್ಲು, ಮಣ್ಣು, ಅಡಿಕೆ ಮರದ ಕಾಂಡ ಹಾಕಿ. ಮೇಲಿನ ಕಟ್ಟ ಒಸರಿದ್ದು ಕೆಳಗಿನ ಕಟ್ಟಕ್ಕೆ ಸಿಗುತ್ತದೆ. ಯಾವ ಅಜ್ಜನೂ ಇದಕ್ಕೆ ಟೆಂಡರ್ ಕರೆದದ್ದು ಗೊತ್ತಿಲ್ಲ. ಬಸ್ಸನ್ನು ಆ ದಾರಿಯಲ್ಲಿ ಬಿಡಬಾರದು, ಪ್ರವಾಸದ ಉದ್ದೇಶವೇ ಹಾಳಾಗುತ್ತದೆ.)

ಎರಡನೇ ದಿನ ಬೈಲು. ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ಬೆಳೆಯುತ್ತಿದ್ದ ಗದ್ದೆಗಳು ಹುಣಿಯ (ಬದುವಿನ) ತನಕ ನೀರು ತುಂಬಿಕೊಂಡು ಮಳೆಗಾಲವಿಡೀ ನಿಂತು ಊರಿನ ಬಾವಿಗಳಿಗೆ ನೀರುಣಿಸುತ್ತಿದ್ದವು. ಈಗ ಗುಡ್ಡ ಜರಿದು ಗದ್ದೆಗೆ ಹಾಕಿ, ಲೇಔಟ್ ಮಾಡಿ, ಹೆಬ್ಬಾಗಿಲಿಗೆ ಹಸಿರು ಹೆಸರಿಟ್ಟಿದ್ದಾರೆ. ಒಂದೇ ಏಟಿಗೆ ಗುಡ್ಡವೂ ಹೋಯಿತು, ಗದ್ದೆಯೂ ಹೋಯಿತು. ಮನೆಗಳಿಗೆ ಮಳೆನೀರು ಕೊಯ್ಲಿನ ಪೈಪು ಉಂಟು, ಅದು ಚರಂಡಿಗೆ ಇಳಿಯುತ್ತದೆ. ಪಕ್ಕದಲ್ಲೇ ತಮಿಳುನಾಡಿನ ತಿರುಚೆಂಗೋಡಿನ ಬೋರ್‌ವೆಲ್ ಲಾರಿ ಧೂಳೆಬ್ಬಿಸುತ್ತ ನಿಂತಿರುತ್ತದೆ. ಅಡ್ಯನಡ್ಕದ ಬಳಿಯ ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ನೀರು ಹರಿಸಿ ತೋಟ ಮಾಡಿದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತು. ನಾವೆಲ್ಲ ಸ್ಟೇಟಸ್ ಹಾಕಿ ಕೈಮುಗಿದೆವು, ಆಮೇಲೆ ರಿಗ್ಗಿನವನಿಗೆ ಫೋನ್ ಮಾಡಿದೆವು.

ಉಡುಪಿಯಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟು ನೋಡಿಸಬೇಕು. 2019ರ ಬೇಸಗೆಯಲ್ಲಿ ಅದು ತಳ ಕಂಡು, ನದಿಯ ಗುಂಡಿಗಳಲ್ಲಿ ನಿಂತ ನೀರನ್ನು ಪಂಪು ಇಟ್ಟು ಎತ್ತಬೇಕಾಗಿ ಬಂದಿತ್ತು. ಪರಿಹಾರವನ್ನೂ ಹೇಳಿಕೊಡಬೇಕಲ್ಲ: ಆ ಜೂನ್ ತಿಂಗಳಲ್ಲಿ ಉಡುಪಿಯಲ್ಲಿ ವರುಣ, ವರ್ಷಾ ಎಂಬ ಕಪ್ಪೆಗಳಿಗೆ ಮದುವೆ ಮಾಡಿಸಿದರು. ಮೆರವಣಿಗೆ, ಮಾಂಗಲ್ಯ, ಜನಸ್ತೋಮ. ಅಂತೂ ಒಂದು ಕಾರ್ಯಕ್ರಮ ಹೇಳಿದ ದಿನಕ್ಕೆ, ಮರು ಟೆಂಡರ್ ಇಲ್ಲದೆ ನಡೆಯಿತು.

ಕೊನೆಯ ಸಂಜೆ ಪಣಂಬೂರು ಕಡಲ ತೀರದಲ್ಲಿ ಸಂವಾದ. ವಿಷಯ: ಸಮುದ್ರಕ್ಕೆ ವ್ಯರ್ಥವಾಗಿ ಹರಿಯುವ ನೀರು. ನೇತ್ರಾವತಿಯ ಮೇಲ್ಭಾಗದ ಹೊಳೆಗಳ ನೀರನ್ನು ತುಮಕೂರು, ಕೋಲಾರದಂಥ ಬಯಲುಸೀಮೆಯ ಜಿಲ್ಲೆಗಳಿಗೆ ಒಯ್ಯುವ ಎತ್ತಿನಹೊಳೆ ಯೋಜನೆಯ ಲೆಕ್ಕವನ್ನು ಇಲ್ಲೇ ಒಪ್ಪಿಸಬೇಕು. ಕಾಗದದಲ್ಲಿ 24.01 ಟಿಎಂಸಿ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನದಲ್ಲಿ ಅದೇ ಜಲಾನಯನಕ್ಕೆ ಸಿಕ್ಕಿದ್ದು 9.55. ವೆಚ್ಚ ಮೊದಲು 8,323 ಕೋಟಿ, ಆಮೇಲೆ 12,912 ಕೋಟಿ, ಆಮೇಲೆ 23,251 ಕೋಟಿ ರೂಪಾಯಿ. ಘಟ್ಟ ಹತ್ತುವುದರಲ್ಲಿ ಹಣ ನೀರಿಗಿಂತ ಚುರುಕು. 2024ರ ಸೆಪ್ಟೆಂಬರ್ 6, ಗೌರಿ ಹಬ್ಬದ ದಿನ, ಮೊದಲ ಹಂತಕ್ಕೆ ಚಾಲನೆಯೂ ಆಯಿತು. ಬೇಸಗೆಯಲ್ಲಿ ತನ್ನ ನಲ್ಲಿಗೆ ದಿನ ಬಿಟ್ಟು ದಿನ ನೀರು ಬಿಡುವ ಜಿಲ್ಲೆಗೆ ಹರಿದು ಬರಬೇಕಾದ ನೀರು ದಾನ ಹೊರಟಿದೆ. ಕರ್ಣನ ನಂತರ ನಾವೇ.

ಅತಿಥಿಗಳ ಕಡೆಯಿಂದಲೂ ಎರಡು ಮಾತು ಬೇಕು. ಯಜಮಾನರು ಎದ್ದು ನಿಲ್ಲುತ್ತಾರೆ. ಅವರ ತಂದೆ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಡುತ್ತಿದ್ದರಂತೆ. ಅವರೆ, ತೊಗರಿ, ಹುಚ್ಚೆಳ್ಳು, ಬದುವಿನ ಹತ್ತಿರ ಸಾಸಿವೆ. ರಾಗಿ ಕೈಕೊಟ್ಟರೆ ತೊಗರಿ, ಮಳೆ ತೀರಾ ಹಿಂದೆ ಬಿದ್ದರೆ ಹುರುಳಿ ಎರಚಿ ಸುಮ್ಮನಾಗುವುದು. ಆರುನೂರು ಮಿಲಿಮೀಟರಿನಲ್ಲಿ ಮನೆ, ದನ, ಮದುವೆ, ತಿಥಿ ಎಲ್ಲ ನಡೆಯುತ್ತಿತ್ತು. ಸಭೆ ತಲೆದೂಗುತ್ತದೆ. ನಮ್ಮ ಇಂಜಿನಿಯರ್ ಸಾಹೇಬರು ನೋಟ್‌ಬುಕ್ ತೆಗೆಯುತ್ತಾರೆ.

"ಈಗಲೂ ಅಕ್ಕಡಿ ಉಂಟಾ ಯಜಮಾನ್ರೇ?"

"ಎಲ್ಲಿ ಸ್ವಾಮಿ, ತೆಗೆದು ಅಡಿಕೆ ಹಾಕಿದೀವಿ. ಹೋದ ಬರದಲ್ಲಿ ಟ್ಯಾಂಕರಿನಲ್ಲಿ ನೀರು ತರಿಸಿ ಗಿಡ ಉಳಿಸ್ಕೊಂಡ್ವಿ. ಅಂದಹಾಗೆ, ವಿಟ್ಲದಲ್ಲಿ ಮಂಗಳ ತಳಿ ಸಸಿ ಸಿಗುತ್ತಂತಲ್ಲ, ಬಸ್ಸು ಆ ಕಡೆ ತಿರುಗಿಸ್ತೀರಾ?"

ಬಸ್ಸು ವಿಟ್ಲಕ್ಕೆ ತಿರುಗುತ್ತದೆ. ಡಿಕ್ಕಿ, ಟಾಪು, ಸೀಟಿನ ಕೆಳಗೆ, ಎಲ್ಲ ಕಡೆ ಸಸಿ. ಸಾಹೇಬರಿಗೆ ತಡೆಯುವುದಿಲ್ಲ.

"ಅಲ್ಲ ಮಾರಾಯ್ರೆ, ಇಷ್ಟಕ್ಕೆಲ್ಲ ಎಲ್ಲಿಯ ನೀರು?"

"ನಿಮ್ಮದೇ. ಎತ್ತಿನಹೊಳೆ ಬರುತ್ತಲ್ಲ."

"ಅದು ಕುಡಿಯುವ ನೀರಿನ ಯೋಜನೆ ಯಜಮಾನ್ರೇ, ಕುಡಿಯಲಿಕ್ಕೆ ಮಾತ್ರ!"

"ಅಡಿಕೆ ಜಗಿದು ಉಗುಳೋರು ನಾವು ಸ್ವಾಮಿ. ಗಿಡ ಪಾಪ, ಕುಡಿಯೋದೇ ಅಲ್ವಾ?"