ರೊಟ್ಟಿ ಬುಟ್ಟಿ, ಎಂಜಲೆಲೆ

ಜನವರಿ ಹತ್ತಿರ ಬಂತೆಂದರೆ ನಮ್ಮ ಓಣಿಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಜಾಸ್ತಿಯಾಗುತ್ತದೆ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಕಳಿಸುವ ರೊಟ್ಟಿ. ನಾಲ್ಕೈದು ಮನೆಯ ಹೆಂಗಸರು ಒಂದೇ ಅಂಗಳದಲ್ಲಿ ಕೂಡುತ್ತಾರೆ. ಒಬ್ಬರು ಹಿಟ್ಟು ನಾದಿದರೆ ಇನ್ನೊಬ್ಬರು ಬಡಿಯುತ್ತಾರೆ, ಮತ್ತೊಬ್ಬರು ಹಂಚಿಗೆ ಹಾಕಿ ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುತ್ತಾರೆ. ಬೆಂದ ರೊಟ್ಟಿಯನ್ನು ಒಲೆಯ ಬದಿಗೆ ನಿಲ್ಲಿಸಿ ಕಟಕ್ ಅನ್ನುವ ಹಾಗೆ ಒಣಗಿಸುತ್ತಾರೆ. ಆಮೇಲೆ ಬಿಳಿ ಬಟ್ಟೆ ಹಾಸಿದ ಬುಟ್ಟಿಗೆ. ಟ್ರ್ಯಾಕ್ಟರ್ ಬಂದರೆ ಓಣಿಗೆ ಓಣಿಯೇ ಹೊರಗೆ ಬರುತ್ತದೆ.

ನಾನು ಪೂಜೆ ಮಾಡುವವಳಲ್ಲ. ಕೆಲಸ ಇರುವುದು ಬೆಂಗಳೂರಿನಲ್ಲಿ. "ನಂಬಿಕೆನೇ ಇಲ್ಲ ಅಂತೀಯ, ರೊಟ್ಟಿ ಬಡಿಯೋಕೆ ರಜೆ ಯಾಕೆ ಹಾಕ್ತೀಯ?" ಎಂದು ಆಫೀಸಿನ ಗೆಳತಿ ಕೇಳಿದಳು. ನಾನು ಬಡಿದ ರೊಟ್ಟಿ ಯಾರ ತಟ್ಟೆಗೆ ಹೋಗುತ್ತದೋ ನನಗೆ ಗೊತ್ತಿರುವುದಿಲ್ಲ, ತಿನ್ನುವವರಿಗೂ ನಾನು ಯಾರೆಂದು ಗೊತ್ತಿಲ್ಲ. ಹನ್ನೆರಡನೇ ಶತಮಾನದ ಶರಣರು ದಾಸೋಹ ಅಂದಿದ್ದು ಇದಕ್ಕೇ ಅಲ್ವಾ? ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಜಾತಿ ಕೇಳದ ಸಾಲಿನಲ್ಲಿ ಉಂಡು ಓದಿದ್ದೂ ಹೀಗೆಯೇ. ವಿದ್ಯೆ ಬಂದ ಮೇಲೆ ಧರ್ಮ ತಾನಾಗಿ ಉದುರಿಹೋಗುತ್ತದೆ ಎನ್ನುವವರ ಮಾತು ನನಗೆ ಒಪ್ಪಿಗೆಯಾಗದಿರುವುದು ಈ ಕಾರಣಕ್ಕೆ.

ಆದರೆ ಅದೇ ಊಟದ ಸಾಲಿನಲ್ಲಿ ಇನ್ನೊಂದನ್ನೂ ನೋಡಿದ್ದೇನೆ. ಆರನೇ ಕ್ಲಾಸಿನಲ್ಲಿದ್ದಾಗ ನೆಂಟರೂರಿನ ಗುಡಿಯೊಂದರಲ್ಲಿ ನನ್ನ ಪಕ್ಕ ಕೂತ ಗೆಳತಿಯನ್ನು ಎಬ್ಬಿಸಿ ಕಳಿಸಿದರು. ಅವಳ ಎಲೆಗೆ ಅನ್ನ ಬಡಿಸಿ ಆಗಿತ್ತು. ನಾನು ಎದ್ದು ಅವಳ ಹಿಂದೆ ಹೋಗಲಿಲ್ಲ, ತಲೆ ತಗ್ಗಿಸಿ ಉಂಡೆ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಕುಕ್ಕೆಯ ಮಡೆಸ್ನಾನ ನೆನಪಿದೆಯಾ? ಬ್ರಾಹ್ಮಣರು ಉಂಡೆದ್ದ ಎಂಜಲೆಲೆಯ ಮೇಲೆ ಭಕ್ತರು ಉರುಳುತ್ತಿದ್ದರು. ಚರ್ಮರೋಗ ವಾಸಿಯಾಗುತ್ತದೆ ಎಂಬ ನಂಬಿಕೆ. 2014ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2017ರಲ್ಲಿ ನಮ್ಮ ವಿಧಾನಮಂಡಲ ಮೌಢ್ಯ ನಿಷೇಧ ಕಾಯ್ದೆ ಪಾಸು ಮಾಡಿತು, ಅದು ಜಾರಿಗೆ ಬಂದಿದ್ದು 2020ರ ಜನವರಿಯಲ್ಲಿ. ಧರ್ಮದ ವಿಷಯಕ್ಕೆ ಸರ್ಕಾರ ಯಾಕೆ ಕೈ ಹಾಕಬೇಕು ಎಂದು ಆಗ ತುಂಬ ಜನ ಕೇಳಿದರು. ಹಾಕಲೇಬೇಕಿತ್ತು. ಉರುಳುವವರು ತಾವಾಗಿ ಉರುಳುತ್ತಾರೆ ಎನ್ನುವುದು ಸಮಾಧಾನದ ಮಾತೇ ಅಲ್ಲ. ಇದು ನಿಲ್ಲಲಿ ಎಂದವರಲ್ಲಿ ಸ್ವಾಮೀಜಿಗಳೂ ಇದ್ದರು, ಅದನ್ನು ಮರೆಯಬಾರದು.

ಸೆಕ್ಯುಲರ್ ಅನ್ನುವುದನ್ನು ಕನ್ನಡದಲ್ಲಿ ಜಾತ್ಯತೀತ ಎಂದೂ ಹೇಳುತ್ತೇವೆ. ಅನುವಾದ ಸರಿಯಿಲ್ಲ ಎಂದು ಬಲ್ಲವರು ಹೇಳಬಹುದು. ನನಗೆ ಮಾತ್ರ ನಮ್ಮ ನೆಲಕ್ಕೆ ಬೇಕಾದ ಅರ್ಥ ಅದೇ ಅನ್ನಿಸುತ್ತದೆ. ದೇವರನ್ನು ಯಾರೂ ಬಿಡಬೇಕಿಲ್ಲ. ಊಟದ ಸಾಲಿನಿಂದ ಯಾರನ್ನೂ ಎಬ್ಬಿಸದಿದ್ದರೆ ಸಾಕು.

ಆ ಗೆಳತಿ ಈಗ ಟೀಚರ್. ಪ್ರತಿ ವರ್ಷ ಜಾತ್ರೆಗೆ ಕರೆಯುತ್ತೇನೆ. "ನೀ ಹೋಗಿ ಬಾ. ಸಾಲಿನಲ್ಲಿ ಕೂರೋದು ಅಂದ್ರೆ ನನಗೆ ಈಗಲೂ ಹೊಟ್ಟೆ ತೊಳಸುತ್ತೆ" ಅನ್ನುತ್ತಾಳೆ. ಒತ್ತಾಯ ಮಾಡುವುದಿಲ್ಲ. ಬುಟ್ಟಿ ಕಟ್ಟುವ ಮೊದಲು ಹತ್ತು ರೊಟ್ಟಿ ತೆಗೆದಿಟ್ಟು, ಅವಳ ಮನೆಗೆ ಒಯ್ದು, ಅವಳ ಅಡುಗೆಮನೆಯಲ್ಲೇ ಕೂತು ಇಬ್ಬರೂ ತಿನ್ನುತ್ತೇವೆ.